ಸೋರುವ ಅನಿಲದ ಜಾಡು

ಮನೆಯಲ್ಲೇ ಬಿಯರ್ ತಯಾರಿಸಿ ಕೆಗ್ಗಿನಲ್ಲಿ ತುಂಬಿಡುವ ಏರ್ಪಾಟಿನಲ್ಲಿ ಅನಿಲ ನುಸುಳಿಹೋಗಬಹುದಾದ ಸಂದುಗಳು ಒಂದು ಕೆಗ್ಗಿಗೆ ಹತ್ತಕ್ಕೂ ಹೆಚ್ಚು ಇರುತ್ತವೆ. ಸಿಲಿಂಡರಿನ ವಾಲ್ವ್, ಅದಕ್ಕೆ ರೆಗ್ಯುಲೇಟರ್ ಕೂಡುವ ಜಾಗ, ಎರಡು ಗೇಜುಗಳ ಬುಡ, ಪೈಪಿನ ಎರಡು ತುದಿ, ಕೆಗ್ಗಿಗೆ ಸಿಕ್ಕಿಸುವ ಕನೆಕ್ಟರ್, ಕೆಗ್ಗಿನ ನೆತ್ತಿಯಲ್ಲಿರುವ ಎರಡು ಮೂತಿಗಳು, ಮುಚ್ಚಳ, ಮುಚ್ಚಳದ ನಡುವಿನ ಸುರಕ್ಷಾ ವಾಲ್ವ್, ಕೊನೆಗೆ ಬಿಯರ್ ಸುರಿಯುವ ನಲ್ಲಿ. ಇವುಗಳಲ್ಲಿ ಒಂದು ಸಡಿಲವಾದರೂ ತಿಂಗಳುಗಟ್ಟಲೆ ಬರಬೇಕಾದ ಕಾರ್ಬನ್ ಡೈಆಕ್ಸೈಡ್ ಒಂದು ರಾತ್ರಿಯಲ್ಲಿ ಖಾಲಿಯಾಗಬಹುದು. ಆಗ ಬಹಳ ಮಂದಿ ಮಾಡುವ ಕೆಲಸ ಸ್ಪ್ಯಾನರ್ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಬಿಗಿಯುವುದು. ಅದರಿಂದ ಸೋರಿಕೆ ನಿಲ್ಲುವುದಕ್ಕಿಂತ ಹೆಚ್ಚಾಗುವ ಸಂಭವವೇ ಜಾಸ್ತಿ. ಪ್ರತಿಯೊಂದು ಸಂದೂ ಅನಿಲವನ್ನು ತಡೆಯುವ ರೀತಿ ಬೇರೆ. ಕೆಲವು ಕಡೆ ತಡೆಯುವುದು ತಿರುಪು, ಕೆಲವು ಕಡೆ ಚಪ್ಪಟೆ ವಾಷರ್, ಕೆಲವು ಕಡೆ ರಬ್ಬರಿನ ಬಳೆ, ಒಂದು ಕಡೆಯಂತೂ ಅನಿಲವೇ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುತ್ತದೆ. ಎಲ್ಲಿ ಯಾವುದು ತಡೆಯುತ್ತಿದೆ ಎಂದು ತಿಳಿದರೆ ರಿಪೇರಿಯ ಬಹುಪಾಲು ಮುಗಿದಂತೆ.

ಈ ಕೆಗ್ಗುಗಳು ಹುಟ್ಟಿದ್ದು ಬಿಯರಿಗಾಗಿ ಅಲ್ಲ. ಅಮೆರಿಕದ ತಂಪು ಪಾನೀಯ ಉದ್ಯಮವು ಸಿರಪ್ಪು ಸಾಗಿಸಲು ಬಳಸುತ್ತಿದ್ದ, 5 ಅಮೆರಿಕನ್ ಗ್ಯಾಲನ್ ಅಂದರೆ ಸುಮಾರು 19 ಲೀಟರ್ ಹಿಡಿಯುವ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳು ಇವು. ಕಾರ್ನೀಲಿಯಸ್ ಕಂಪನಿಯ ಹೆಸರು ಮೊಟಕಾಗಿ ‘ಕಾರ್ನಿ ಕೆಗ್’ ಎಂಬ ಹೆಸರು ಉಳಿದಿದೆ. ಪೆಪ್ಸಿ ಬಳಸುತ್ತಿದ್ದ ಬಾಲ್ ಲಾಕ್, ಕೋಕಾ-ಕೋಲಾ ಬಳಸುತ್ತಿದ್ದ ಪಿನ್ ಲಾಕ್ ಎಂಬ ಎರಡು ಮಾದರಿಗಳು ಇಂದಿಗೂ ಚಾಲ್ತಿಯಲ್ಲಿವೆ. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ತಯಾರಿಸಲು ಕೇಂದ್ರ ಕಾನೂನಿನ ಅನುಮತಿ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ. ಮುಂದೆ ಪಾನೀಯ ಕಂಪನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಗಳಲ್ಲಿ ಸಿರಪ್ಪು ಸಾಗಿಸತೊಡಗಿದಾಗ ಬೇಡವಾದ ಕೆಗ್ಗುಗಳು ಅಗ್ಗದ ಬೆಲೆಗೆ ಗ್ಯಾರೇಜು, ನೆಲಮಾಳಿಗೆಗಳನ್ನು ಸೇರಿದವು. ಹೀಗೆ ಬಂದ ಹಳೆಯ ಕೆಗ್ಗು ಹತ್ತಾರು ವರ್ಷ ಲಾರಿಗಳಲ್ಲಿ ಕುಲುಕಿ, ಬಿದ್ದು, ನುಗ್ಗಾಗಿ ಬಂದದ್ದು. ಅದರ ರಬ್ಬರು ಬಳೆಗಳಿಗೆ ಇನ್ನೂ ಹಳೆಯ ಸೋಡಾದ ವಾಸನೆ ಅಂಟಿರುತ್ತದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದರೆ ಇದೇ ಸಲಕರಣೆಯಿಂದ ಮನೆಯಲ್ಲಿ ಸೋಡಾ ಮಾಡಬಹುದು; ಸೋರಿಕೆಯ ಭೌತಶಾಸ್ತ್ರಕ್ಕೆ ಕೆಗ್ಗಿನೊಳಗೆ ಏನಿದೆ ಎಂಬುದು ಮುಖ್ಯವಲ್ಲ.

ಸೋರಿಕೆ ಇದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ಮೊದಲು ಬೇಕಾದದ್ದು ಅನಿಲ ಎಷ್ಟು ಖರ್ಚಾಗಬೇಕು ಎಂಬ ಲೆಕ್ಕ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಮೇಲಿನ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ. ತಣ್ಣಗಿದ್ದಷ್ಟೂ ಹೆಚ್ಚು ಕರಗುತ್ತದೆ. ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಪಿಎಸ್‌ಐ ಒತ್ತಡ ಕೊಟ್ಟರೆ ಒಂದು ಲೀಟರ್ ಬಿಯರಿನಲ್ಲಿ ಹೆಚ್ಚುಕಡಿಮೆ 5 ಗ್ರಾಂ ಕಾರ್ಬನ್ ಡೈಆಕ್ಸೈಡ್ ಕರಗಿ ನಿಲ್ಲುತ್ತದೆ. ಕಾರಿನ ಟಯರಿನಲ್ಲಿ 30 ಪಿಎಸ್‌ಐ ಆಸುಪಾಸು ಇರುತ್ತದೆಂದು ನೆನೆದರೆ 12 ಏನೂ ದೊಡ್ಡ ಒತ್ತಡವಲ್ಲ. 19 ಲೀಟರಿಗೆ 95 ಗ್ರಾಂ ಆಯಿತು. ಬಿಯರ್ ಹೊರಗೆ ಹರಿದಂತೆ ತೆರವಾದ ಜಾಗವನ್ನು ತುಂಬಲು ಇನ್ನೊಂದು 65–70 ಗ್ರಾಂ. ಗಾಳಿಯನ್ನು ಹೊರದಬ್ಬಲು ಬಿಡುವ ಅನಿಲವನ್ನೂ ಸೇರಿಸಿದರೆ ಒಂದು ಕೆಗ್ಗಿಗೆ 200 ಗ್ರಾಂ ಒಳಗೆ ಸಾಕು. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾದ 5 ಪೌಂಡಿನ ಸಿಲಿಂಡರಿನಲ್ಲಿ 2.27 ಕಿಲೋ ಅನಿಲವಿರುತ್ತದೆ. ಅದು ಹತ್ತು ಹನ್ನೆರಡು ಕೆಗ್ಗುಗಳಿಗೆ ಬರಬೇಕು. ಮೂರಕ್ಕೇ ಮುಗಿದರೆ ಅನುಮಾನವೇ ಬೇಡ.

ಇಲ್ಲಿ ಅನೇಕರನ್ನು ದಾರಿ ತಪ್ಪಿಸುವುದು ರೆಗ್ಯುಲೇಟರಿನ ಮೇಲಿರುವ ಹೆಚ್ಚಿನ ಒತ್ತಡದ ಗೇಜು. ಅದು ಪೆಟ್ರೋಲ್ ಟ್ಯಾಂಕಿನ ಮುಳ್ಳಿನಂತೆ ಉಳಿದದ್ದೆಷ್ಟು ಎಂದು ತೋರಿಸುವುದಿಲ್ಲ. ಸಿಲಿಂಡರಿನೊಳಗೆ ಕಾರ್ಬನ್ ಡೈಆಕ್ಸೈಡ್ ಬಹುಪಾಲು ದ್ರವವಾಗಿಯೇ ಇರುತ್ತದೆ. ದ್ರವ ಒಂದಿಷ್ಟಾದರೂ ಉಳಿದಿರುವ ತನಕ ಅದರ ಮೇಲಿನ ಆವಿಯ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ ಮಾತ್ರ. ಅರ್ಧ ಸಿಲಿಂಡರ್ ಸೋರಿಹೋದರೂ ಗೇಜಿನ ಮುಳ್ಳು ಅಲುಗುವುದಿಲ್ಲ. ದ್ರವ ಪೂರ್ತಿ ತೀರಿದ ಮೇಲೆ ದಿಢೀರನೆ ಬೀಳುತ್ತದೆ. ‘ನಿನ್ನೆ ತುಂಬಿತ್ತು, ಇವತ್ತು ಖಾಲಿ’ ಎಂಬ ಅಳಲಿನ ಹಿಂದೆ ಎಷ್ಟೋ ಸಲ ಇರುವುದು ವಾರಗಟ್ಟಲೆ ನಡೆದ ಸಣ್ಣ ಸೋರಿಕೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. 20 ಡಿಗ್ರಿಯಲ್ಲಿ ಸುಮಾರು 57 ಬಾರ್, ಅಂದರೆ 830 ಪಿಎಸ್‌ಐ ತೋರಿಸುತ್ತಿದ್ದ ಸಿಲಿಂಡರನ್ನು ಫ್ರಿಜ್ಜಿನೊಳಗೆ ಇಟ್ಟರೆ ಮರುದಿನ ಮುಳ್ಳು 560ರ ಬಳಿಗೆ ಇಳಿದಿರುತ್ತದೆ. ಒಂದು ಗ್ರಾಂ ಅನಿಲವೂ ಹೊರಹೋಗಿರುವುದಿಲ್ಲ, ದ್ರವ ತಣ್ಣಗಾಗಿದೆ ಅಷ್ಟೆ.

ಉಳಿದ ಅನಿಲವನ್ನು ಸರಿಯಾಗಿ ಹೇಳುವುದು ತಕ್ಕಡಿ. ಸಿಲಿಂಡರಿನ ಕುತ್ತಿಗೆಯ ಮೇಲೆ ಖಾಲಿ ತೂಕವನ್ನು ಕೊರೆದಿರುತ್ತಾರೆ. ಹತ್ತು ಕಿಲೋ ತನಕ ತೂಗುವ, ಗ್ರಾಂ ಲೆಕ್ಕದಲ್ಲಿ ತೋರಿಸುವ ಒಂದು ಅಡುಗೆಮನೆಯ ಡಿಜಿಟಲ್ ತಕ್ಕಡಿ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಬೆಲೆಯುಳ್ಳ ಸಾಧನ. ಹೊಸ ರೆಗ್ಯುಲೇಟರ್ ಕೊಳ್ಳುವ ಮೊದಲು ಅದನ್ನು ಕೊಳ್ಳುವುದು ಮೇಲು. ಒಂದೇ ಎಚ್ಚರಿಕೆ: ಹೊಸ ಬಿಯರನ್ನು ಜೋಡಿಸಿದ ಮೊದಲ ಒಂದೆರಡು ವಾರ ತೂಕ ಇಳಿದೇ ಇಳಿಯುತ್ತದೆ. ಆ 95 ಗ್ರಾಂ ಬಿಯರಿನೊಳಗೆ ಸೇರುತ್ತಿರುತ್ತದೆ.

ಸೋರಿಕೆಯ ಗಾತ್ರದ ಅಂದಾಜು ಮೊದಲೇ ಇದ್ದರೆ ಹುಡುಕಾಟ ಹಗುರವಾಗುತ್ತದೆ. 12 ಪಿಎಸ್‌ಐ ಒತ್ತಡದಲ್ಲಿ 2.27 ಕಿಲೋ ಅನಿಲ ಹತ್ತು ಗಂಟೆಯಲ್ಲಿ ಹೊರಹೋಗಬೇಕಾದರೆ ಸೆಕೆಂಡಿಗೆ ಸುಮಾರು 34 ಮಿಲಿಲೀಟರ್ ಹರಿಯಬೇಕು; ಅದಕ್ಕೆ ಅರ್ಧ ಮಿಲಿಮೀಟರಿನಷ್ಟು ಅಗಲದ ತೂತು ಸಾಕು. ಇಂಥದ್ದು ಸದ್ದಿಲ್ಲದ ಕೋಣೆಯಲ್ಲಿ ಕಿವಿಗೊಟ್ಟರೆ ಬುಸುಗುಟ್ಟುವುದು ಕೇಳುತ್ತದೆ. ತಲೆಗೂದಲಿನಷ್ಟು, ಅಂದರೆ 0.07 ಮಿಲಿಮೀಟರ್ ತೂತಾದರೆ ಅದೇ ಸಿಲಿಂಡರ್ ಖಾಲಿಯಾಗಲು ಎರಡು ವಾರಕ್ಕೂ ಮೀರಿ ಹಿಡಿಯುತ್ತದೆ. ಸಾಬೂನು ನೀರಿನಲ್ಲಿ ಸೆಕೆಂಡಿಗೊಂದರಂತೆ 5 ಮಿಲಿಮೀಟರಿನ ಗುಳ್ಳೆ ಏಳುವ ಸೋರಿಕೆಯು ದಿನಕ್ಕೆ 10 ಗ್ರಾಂ ತಿನ್ನುತ್ತದೆ. ಸಿಲಿಂಡರ್ ಏಳು ತಿಂಗಳು ಬಂದೀತು. ಆದ್ದರಿಂದ ರಾತ್ರಿ ಬೆಳಗಾಗುವುದರೊಳಗೆ ಬರಿದಾದ ಸಿಲಿಂಡರಿಗೆ ಕಾರಣ ಹುಡುಕುತ್ತ ಒಂದು ಪುಟ್ಟ ಗುಳ್ಳೆಯನ್ನು ಕಂಡು ‘ಸಿಕ್ಕಿತು’ ಎಂದು ನಿಲ್ಲಿಸಬಾರದು. ದೊಡ್ಡದು ಇನ್ನೆಲ್ಲೋ ಇದೆ.

ಪ್ರಾಣಾಪಾಯದ ಮಾತನ್ನು ಮುಂದಕ್ಕೆ ಹಾಕುವಂತಿಲ್ಲ. ಅಡುಗೆ ಅನಿಲ ಸೋರಿದರೆ ಮೂಗಿಗೆ ಹೊಡೆಯುವುದು ಅದರಲ್ಲಿ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ನಿನ ನಾತ. ಕಾರ್ಬನ್ ಡೈಆಕ್ಸೈಡಿಗೆ ಅಂಥ ಯಾವ ಗುರುತನ್ನೂ ಬೆರೆಸಿರುವುದಿಲ್ಲ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. 2.27 ಕಿಲೋ ಅನಿಲ ಹೊರಬಂದರೆ 1.2 ಘನಮೀಟರಿನಷ್ಟು ಹಿಗ್ಗುತ್ತದೆ. ಹತ್ತಡಿ ಉದ್ದಗಲ, ಒಂಬತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯ ಸುಮಾರು ಶೇಕಡಾ 5 ಆಗುತ್ತದೆ. ಅಮೆರಿಕದಲ್ಲಿ ಎಂಟು ತಾಸಿನ ದುಡಿಮೆಗೆ ಇಟ್ಟಿರುವ ಮಿತಿ ಶೇಕಡಾ 0.5, ಜೀವಕ್ಕೆ ತಕ್ಷಣದ ಅಪಾಯವೆಂದು ಗುರುತಿಸಿರುವ ಮಟ್ಟ ಶೇಕಡಾ 4. ಸಣ್ಣ ಸಿಲಿಂಡರಿನ ಲೆಕ್ಕವೇ ಹೀಗಾದರೆ 20 ಪೌಂಡಿನದ್ದನ್ನು ನೆಲಮಾಳಿಗೆಯಲ್ಲಿಟ್ಟವರು ಅನಿಲ ಎಚ್ಚರಿಕೆಯ ಮೀಟರನ್ನು ನೆಲದ ಹತ್ತಿರದ ಗೋಡೆಗೆ ಹಾಕಲೇಬೇಕು. ಸಿಲಿಂಡರ್ ಖಾಲಿಯಾಗಿರುವುದು ತಿಳಿದ ಬೆಳಗ್ಗೆ ಮೊದಲು ತೆರೆಯಬೇಕಾದದ್ದು ಬಾಗಿಲು, ಕಿಟಕಿ, ಪರಿಶೀಲನೆ ಆಮೇಲೆ. ಹಾಗೆಯೇ, ಒತ್ತಡ ಪೂರ್ತಿ ಬಿಡುವವರೆಗೆ ಕೆಗ್ಗಿನ ಮೂತಿಯನ್ನಾಗಲಿ ಮುಚ್ಚಳವನ್ನಾಗಲಿ ಕಳಚಬಾರದು. ತಿರುಪಿನ ಕೊನೆಯ ಸುತ್ತಿನಲ್ಲಿ ಲೋಹದ ತುಂಡು ಗುಂಡಿನಂತೆ ಹಾರಬಹುದು.

ಹುಡುಕುವ ಕ್ರಮಕ್ಕೆ ಒಂದೇ ಸೂತ್ರ: ಇಡೀ ಏರ್ಪಾಟನ್ನು ತುಂಡು ತುಂಡಾಗಿ ಬೇರ್ಪಡಿಸಿ, ಒಂದೊಂದನ್ನೂ ಒತ್ತಡದಲ್ಲಿ ನಿಲ್ಲಿಸಿ ಕಾಯುವುದು. ಮೊದಲು ರೆಗ್ಯುಲೇಟರಿನ ಹೊರದಾರಿಯನ್ನು ಮುಚ್ಚಿ ಸಿಲಿಂಡರಿನ ವಾಲ್ವನ್ನು ತೆರೆದು ಮತ್ತೆ ಮುಚ್ಚಬೇಕು. ಈಗ ಅನಿಲ ಸಿಕ್ಕಿಕೊಂಡಿರುವುದು ರೆಗ್ಯುಲೇಟರಿನೊಳಗೆ ಮಾತ್ರ. ಎರಡೂ ಮುಳ್ಳುಗಳು ಅಲುಗದೆ ನಿಂತರೆ ಆ ಭಾಗ ಗಟ್ಟಿ. ಬಳಿಕ ಹೊರದಾರಿ ತೆರೆದು, ಕೆಗ್ಗಿಗೆ ಸಿಕ್ಕಿಸದೆ, ಪೈಪು ಮತ್ತು ಕನೆಕ್ಟರುಗಳನ್ನು ಒತ್ತಡದಲ್ಲಿ ನಿಲ್ಲಿಸಬೇಕು. ಕೊನೆಗೆ ಒಂದೊಂದೇ ಕೆಗ್ಗು.

ಈ ಕ್ರಮ ಬರೀ ಅಚ್ಚುಕಟ್ಟಿಗಾಗಿ ಅಲ್ಲ, ಅದರ ಹಿಂದೆ ಗಣಿತವಿದೆ. ಅನಿಲ ಸಿಕ್ಕಿಕೊಂಡಿರುವ ಜಾಗ ಚಿಕ್ಕದಾದಷ್ಟೂ ಅದೇ ಸೋರಿಕೆಯಿಂದ ಒತ್ತಡ ಬೇಗ ಬೀಳುತ್ತದೆ. ಎರಡು ಮೀಟರ್ ಉದ್ದದ, ಒಳಗಡೆ 8 ಮಿಲಿಮೀಟರ್ ಅಗಲದ ಪೈಪಿನಲ್ಲಿ ಹಿಡಿಯುವುದು 100 ಮಿಲಿಲೀಟರ್. ಮೇಲೆ ಹೇಳಿದ ಸೆಕೆಂಡಿಗೊಂದು ಗುಳ್ಳೆಯ ಸೋರಿಕೆ ಅಲ್ಲಿದ್ದರೆ ಮುಳ್ಳು ನಿಮಿಷಕ್ಕೆ ಅರ್ಧ ಪಿಎಸ್‌ಐ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಗುಟ್ಟು ಬಯಲು. ಅದೇ ಸೋರಿಕೆ ಖಾಲಿ ಕೆಗ್ಗಿನಲ್ಲಿದ್ದರೆ ಇಡೀ ದಿನಕ್ಕೆ 4 ಪಿಎಸ್‌ಐ ಇಳಿದೀತು. ಹಾಗಾಗಿ ಪೈಪಿಗೆ ಕಾಲು ಗಂಟೆ, ಕೆಗ್ಗಿಗೆ ಒಂದು ಹಗಲು ಒಂದು ರಾತ್ರಿ ಕೊಡುವುದು ನ್ಯಾಯ.

ಒತ್ತಡ ಬಿದ್ದದ್ದೆಲ್ಲ ಸೋರಿಕೆಯಲ್ಲ ಎಂಬುದನ್ನೂ ಮನಸ್ಸಿನಲ್ಲಿಡಬೇಕು. ಹೊಸ ಬಿಯರು ತುಂಬಿದ ಕೆಗ್ಗಿನ ಅನಿಲದ ದಾರಿ ಮುಚ್ಚಿ ಕಾದರೆ ಒತ್ತಡ ಇಳಿಯುತ್ತಲೇ ಇರುತ್ತದೆ, ಬಿಯರು ಅನಿಲವನ್ನು ಕುಡಿಯುತ್ತಿರುತ್ತದೆ. ಪರೀಕ್ಷೆಗೆ ಖಾಲಿ ಕೆಗ್ಗೇ ಸರಿ. ಖಾಲಿ ಕೆಗ್ಗನ್ನೂ 25 ಡಿಗ್ರಿಯ ಕೋಣೆಯಲ್ಲಿ 30 ಪಿಎಸ್‌ಐಗೆ ತುಂಬಿ 4 ಡಿಗ್ರಿಯ ಫ್ರಿಜ್ಜಿಗೆ ಸೇರಿಸಿದರೆ, ಅನಿಲ ತಣ್ಣಗಾಗಿ ಕುಗ್ಗುವುದರಿಂದಲೇ ಮುಳ್ಳು 27ರ ಹತ್ತಿರ ಬಂದು ನಿಲ್ಲುತ್ತದೆ.

ಯಾವ ತುಂಡಿನಲ್ಲಿ ಸೋರಿಕೆ ಎಂದು ಗೊತ್ತಾದ ಮೇಲೆ ಯಾವ ಬಿಂದುವಿನಲ್ಲಿ ಎಂದು ತೋರಿಸುವುದು ಸಾಬೂನು ನೀರು. ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗಕ್ಕೆ ಬೆರಳಿಡುವ ಪಂಕ್ಚರ್ ಅಂಗಡಿಯವನ ವಿದ್ಯೆಯೇ ಇದು. ಮುಳುಗಿಸಲಾಗದ ವಸ್ತುವಿಗೆ ನೀರನ್ನೇ ಹಚ್ಚುತ್ತೇವೆ. ಬರಿ ನೀರಿನ ಮೇಲ್ಮೈ ಎಳೆತ ಜಾಸ್ತಿ. ಗುಳ್ಳೆ ಹುಟ್ಟಿದ ಕೂಡಲೇ ಒಡೆದುಹೋಗುತ್ತದೆ. ಸಾಬೂನು ಆ ಎಳೆತವನ್ನು ಅರ್ಧಕ್ಕೂ ಕಡಿಮೆ ಮಾಡಿ, ತೆಳುವಾದ ಪೊರೆ ಹಿಗ್ಗಿದರೂ ಹರಿಯದಂತೆ ಹಿಡಿಯುತ್ತದೆ. ಪಾತ್ರೆ ತೊಳೆಯುವ ದ್ರವದ ಕೆಲವು ತೊಟ್ಟುಗಳನ್ನು ಒಂದು ಲೋಟ ನೀರಿಗೆ ಹಾಕಿ, ನೊರೆ ಬರಿಸದೆ ಮೆಲ್ಲಗೆ ಕಲಸಿ, ಕುಂಚದಿಂದ ಹಚ್ಚಿದರೆ ಸಾಕು. ಬಾಟಲಿಯಿಂದ ಚಿಮುಕಿಸಿದರೆ ಮೊದಲೇ ನೊರೆಯಾಗಿ ಸೋರಿಕೆಯ ಗುಳ್ಳೆ ಯಾವುದು, ಚಿಮುಕಿಸಿದ ಗುಳ್ಳೆ ಯಾವುದು ತಿಳಿಯುವುದಿಲ್ಲ. ಹಚ್ಚಿದ ಮೇಲೆ ಒಂದೆರಡು ನಿಮಿಷ ಕಣ್ಣಿಟ್ಟು ನೋಡುವ ತಾಳ್ಮೆ ಬೇಕು. ಸಣ್ಣ ಸೋರಿಕೆ ದೊಡ್ಡ ಗುಳ್ಳೆ ಮಾಡುವುದಿಲ್ಲ. ಬಿಳಿ ಹಿಟ್ಟಿನಂಥ ಸಣ್ಣ ನೊರೆಯ ಎಳೆಯಾಗಿ ಒಸರುತ್ತದೆ. ಕೆಲಸ ಮುಗಿದ ಮೇಲೆ ಶುದ್ಧ ನೀರಿನಿಂದ ಒರೆಸುವುದು ಕಡ್ಡಾಯ, ಸಾಬೂನಿನ ಪಸೆ ಬಿಯರಿನ ನೊರೆಯನ್ನು ಕೊಲ್ಲುತ್ತದೆ.

ಇನ್ನು ಸಂದುಗಳು. ಸಿಲಿಂಡರಿಗೆ ರೆಗ್ಯುಲೇಟರ್ ಕೂಡುವ ಕಡೆ ದೊಡ್ಡದೊಂದು ನಟ್ಟು ಇರುತ್ತದೆ. ಅದರ ತಿರುಪು ಅನಿಲವನ್ನು ತಡೆಯುವುದಿಲ್ಲ. ಎರಡು ಚಪ್ಪಟೆ ಮುಖಗಳನ್ನು ಹತ್ತಿರ ಎಳೆದು ನಡುವಿನ ನೈಲಾನ್ ಅಥವಾ ಫೈಬರ್ ವಾಷರನ್ನು ಅದುಮುವುದಷ್ಟೇ ಅದರ ಕೆಲಸ. ಆ ತಿರುಪಿಗೆ ಟೆಫ್ಲಾನ್ ಟೇಪು ಸುತ್ತುವುದು ಬಹಳ ಸಾಮಾನ್ಯವಾದ ತಪ್ಪು. ಟೇಪಿನಿಂದ ಏನೂ ಉಪಯೋಗವಿಲ್ಲ, ಮೇಲಾಗಿ ಅದರ ಚೂರು ರೆಗ್ಯುಲೇಟರಿನೊಳಗೆ ಸೇರಿ ಇನ್ನೊಂದು ತೊಂದರೆ ತರುತ್ತದೆ. ಒಮ್ಮೆ ಅದುಮಿಸಿಕೊಂಡ ವಾಷರಿನಲ್ಲಿ ಗುರುತಿನ ಗೆರೆ ಬಿದ್ದಿರುತ್ತದೆ, ಎರಡನೇ ಸಲ ಅದು ಅದೇ ಜಾಗದಲ್ಲಿ ಕೂರುವುದಿಲ್ಲ. ಸಿಲಿಂಡರ್ ಬದಲಿಸಿದಾಗಲೆಲ್ಲ ಹೊಸ ವಾಷರ್ ಹಾಕುವುದು ಅತಿ ಅಗ್ಗದ ವಿಮೆ. ಇಲ್ಲಿ ಒತ್ತಡ 800 ಪಿಎಸ್‌ಐ ಮೀರುವುದರಿಂದ, ರಾತ್ರೋರಾತ್ರಿ ಬರಿದಾದ ಸಿಲಿಂಡರಿನ ತನಿಖೆ ಆರಂಭವಾಗಬೇಕಾದದ್ದೂ ಇಲ್ಲಿಂದಲೇ.

ಗೇಜುಗಳ ಬುಡದ ಕತೆ ಬೇರೆ. ಅಲ್ಲಿನ ತಿರುಪು ಮೊನೆಯ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಬೆಣೆಯಂತೆ ಒಳಗೆ ಸಿಕ್ಕಿಕೊಂಡು ಲೋಹಕ್ಕೆ ಲೋಹವೇ ಒತ್ತುತ್ತದೆ. ಎಷ್ಟು ಒತ್ತಿದರೂ ಎಳೆಗಳ ನಡುವೆ ಸುರುಳಿಯಾಕಾರದ ಒಂದು ಸಣ್ಣ ಓಣಿ ಉಳಿಯುತ್ತದೆ. ಟೆಫ್ಲಾನ್ ಟೇಪಿನ ನಿಜವಾದ ಸ್ಥಾನ ಅಲ್ಲಿ. ತಿರುಗುವ ದಿಕ್ಕಿನಲ್ಲೇ ಮೂರ್ನಾಲ್ಕು ಸುತ್ತು, ಮೊದಲ ಎಳೆಯನ್ನು ಬಿಟ್ಟು. ಟೆಫ್ಲಾನ್ ಅಮೆರಿಕದ ರಾಯ್ ಪ್ಲಂಕೆಟ್‌ಗೆ 1938ರಲ್ಲಿ ಸಿಕ್ಕಿದ್ದೂ ಒಂದು ಅನಿಲ ಸಿಲಿಂಡರಿನಿಂದ. ತೂಕವಿದ್ದರೂ ಅನಿಲ ಹೊರಬರದ ಸಿಲಿಂಡರನ್ನು ಕೊಯ್ದು ನೋಡಿದಾಗ ಒಳಗೆ ಬಿಳಿಯ ಪುಡಿ ಇತ್ತು. ಅಲ್ಲಿ ಗುಟ್ಟನ್ನು ಹೊರಹಾಕಿದ್ದೂ ತಕ್ಕಡಿಯೇ.

ಪೈಪನ್ನು ಹಲ್ಲುಹಲ್ಲಿನ ಮೊನೆಗೆ ತುರುಕಿ ಕ್ಲಾಂಪು ಬಿಗಿಯುವ ಕಡೆ ಸೋರುವುದಕ್ಕೆ ಕಾರಣ ಸಾಮಾನ್ಯವಾಗಿ ಸ್ಕ್ರೂ ಕ್ಲಾಂಪು. ಅದು ಪೂರ್ತಿ ವೃತ್ತವಾಗಿ ಅಪ್ಪಿಕೊಳ್ಳುವುದಿಲ್ಲ, ಸ್ಕ್ರೂ ಇರುವ ಕಡೆ ಒಂದು ಸಣ್ಣ ಸಂದು ಬಿಡುತ್ತದೆ. ಒಮ್ಮೆ ಹಿಂಡಿದರೆ ಬಿಚ್ಚಲಾಗದ ಕಿವಿಯ ಕ್ಲಾಂಪು ಸುತ್ತಲೂ ಒಂದೇ ಸಮನಾಗಿ ಒತ್ತುತ್ತದೆ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಏರಿಸುವುದು, ಓರೆಯಾಗಿ ಕತ್ತರಿಸಿದ ತುದಿಯನ್ನು ನೇರವಾಗಿ ಕತ್ತರಿಸಿಕೊಳ್ಳುವುದು ಇಷ್ಟೇ ರಿಪೇರಿ. ಕನೆಕ್ಟರಿನ ಬದಿಯಲ್ಲಿ ತಿರುಪಿನ ಜೋಡಣೆ ಇದ್ದರೆ ಅಲ್ಲಿ ಶಂಕುವಿನ ಮುಖಕ್ಕೆ ಶಂಕುವಿನ ಮುಖ ಕೂರುತ್ತದೆ, ಬಹಳಷ್ಟು ಕಡೆ ನಡುವೆ ಪುಟ್ಟ ನೈಲಾನ್ ವಾಷರಿನ ಜೊತೆ. ಆ ವಾಷರ್ ಕಳೆದುಹೋಗಿರುವುದು ಯಾರಿಗೂ ಬೇಗ ಹೊಳೆಯುವುದಿಲ್ಲ. ಪ್ಲಾಸ್ಟಿಕ್ ಕನೆಕ್ಟರಿನ ನೆತ್ತಿಯ ಮೇಲೆ ನಾಣ್ಯದಿಂದ ತಿರುಗಿಸಬಹುದಾದ ಮುಚ್ಚಳವೊಂದಿದೆ, ಅದರ ಸುತ್ತ ನೊರೆ ಕಂಡರೆ ಕಾಲು ಸುತ್ತು ಬಿಗಿದರೆ ಸಾಕಾಗುತ್ತದೆ.

ಕೆಗ್ಗಿನ ಮೂತಿಗಳ ಬಳಿ ಸೋರಿದರೆ ಕನೆಕ್ಟರನ್ನು ಕಳಚಿ ಮತ್ತೆ ಸಾಬೂನು ಹಚ್ಚಿ ನೋಡಬೇಕು. ಕನೆಕ್ಟರ್ ಇದ್ದಾಗ ಮಾತ್ರ ಸೋರಿದರೆ ತಪ್ಪು ಮೂತಿಯ ಹೊರಮೈಯ ರಬ್ಬರು ಬಳೆಯದು, ಅಂದರೆ ಓ-ರಿಂಗಿನದು, ಅಥವಾ ಕನೆಕ್ಟರಿನದು. ಕಳಚಿದ ಮೇಲೂ ಸೋರಿದರೆ ಗುಳ್ಳೆ ಏಳುವ ಜಾಗ ನೋಡಬೇಕು: ನಡುವಿನ ತೂತಿನಲ್ಲಾದರೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಪುಟ್ಟ ವಾಲ್ವ್, ಅಂದರೆ ಪಾಪೆಟ್, ಸರಿಯಾಗಿ ಕೂತಿಲ್ಲ, ಬುಡದಲ್ಲಾದರೆ ಒಳಕೊಳವೆಯ ಕತ್ತಿನ ಓ-ರಿಂಗು ಕೆಟ್ಟಿದೆ. ಎರಡು ನಿಮಿಷದ ಈ ಪರೀಕ್ಷೆ ಮಾಡದೆ ಎಲ್ಲ ರಬ್ಬರನ್ನೂ ಬದಲಿಸಿ, ಹಳೆಯ ಪಾಪೆಟ್ಟನ್ನು ಹಾಗೇ ಉಳಿಸಿಕೊಂಡು, ಮತ್ತೆ ಸೋರಿತೆಂದು ಬೇಸರಪಡುವವರು ಕಡಿಮೆಯಲ್ಲ. ಅನಿಲದ ಮೂತಿ, ಬಿಯರಿನ ಮೂತಿ ನೋಡಲು ಅವಳಿಗಳಂತಿದ್ದರೂ ಅಳತೆ ಒಂದೇ ಅಲ್ಲ. ಬಾಲ್ ಲಾಕ್ ಮಾದರಿಯಲ್ಲಿ ಅನಿಲದ ಮೂತಿಯ ಬುಡದಲ್ಲಿ ಕಚ್ಚುಗಳಿರುತ್ತವೆ. ತೊಳೆಯಲು ಬಿಚ್ಚಿದವರು ಅದಲುಬದಲು ಮಾಡಿದರೆ ಕನೆಕ್ಟರ್ ಬಲವಂತವಾಗಿ ಕೂತು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಓ-ರಿಂಗು ಸರಳವಾಗಿ ಕಾಣುತ್ತದೆ, ಆದರೆ ಅದರ ಹಿಂದಿನ ಉಪಾಯ ಜಾಣ್ಮೆಯದು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ನೀಲ್ಸ್ ಕ್ರಿಸ್ಟೆನ್‌ಸನ್‌ಗೆ 1939ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಬಳೆ ಕೂರುವ ಕಾಲುವೆ ಬಳೆಗಿಂತ ಸ್ವಲ್ಪ ಅಗಲವಾಗಿರುತ್ತದೆ. ಅನಿಲ ಒಂದು ಪಕ್ಕದಿಂದ ತಳ್ಳಿದಾಗ ರಬ್ಬರು ಇನ್ನೊಂದು ಪಕ್ಕದ ಮೂಲೆಗೆ ಒತ್ತರಿಸಿ ಅಲ್ಲಿನ ಸಂದನ್ನು ತುಂಬುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ಇದಕ್ಕೆ ರಬ್ಬರು ಮೃದುವಾಗಿರಬೇಕು, ಸುಲಭವಾಗಿ ಜಾರಬೇಕು, ಅದರಲ್ಲಿ ಗೀರು ಇರಬಾರದು. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಲ್ಲಿ ಸವರುವುದು ಅದಕ್ಕೇ. ಪೆಟ್ರೋಲಿಯಂ ಜೆಲ್ಲಿ ಬೇಡ. ಕೆಲವು ಬಗೆಯ ರಬ್ಬರು ಅದನ್ನು ಹೀರಿ ಊದಿಕೊಳ್ಳುತ್ತದೆ.

ಒತ್ತಡದಿಂದಲೇ ಬಿಗಿಯಾಗುವ ತತ್ತ್ವ ಕೆಗ್ಗಿನ ಮುಚ್ಚಳದಲ್ಲಿ ಇನ್ನೂ ಎದ್ದು ಕಾಣುತ್ತದೆ. ಕನ್ನಡ ನಾಡಿನ ಜಾತ್ರೆಗಳಲ್ಲಿ ಗೋಲಿ ಸೋಡಾ ಕುಡಿದವರಿಗೆ ಇದು ಹೊಸದಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ ಬಿರಟೆ ಇಲ್ಲ. ಒಳಗಿನ ಅನಿಲವೇ ಗಾಜಿನ ಗೋಲಿಯನ್ನು ಕತ್ತಿನ ರಬ್ಬರು ಬಳೆಗೆ ಒತ್ತಿ ಹಿಡಿಯುತ್ತದೆ. ಕೆಗ್ಗಿನ ಮುಚ್ಚಳವೂ ಹಾಗೆಯೇ. ಅದು ಅಂಡಾಕಾರದ್ದು, ಓರೆಯಾಗಿ ಒಳಗೆ ಇಳಿಸಿ ಒಳಗಡೆಯಿಂದ ಬಾಯಿಗೆ ಒತ್ತುವಂತೆ ಕೂರಿಸುತ್ತಾರೆ. ಮೇಲಿನ ಹಿಡಿಕೆ ಕೊಡುವುದು ಮೊದಲ ಬಿಗಿ ಮಾತ್ರ, ಉಳಿದದ್ದನ್ನು ಅನಿಲ ನೋಡಿಕೊಳ್ಳುತ್ತದೆ. ಇದರ ದೌರ್ಬಲ್ಯವೂ ಇಲ್ಲೇ ಇದೆ. ಒತ್ತಡ ಕಡಿಮೆಯಿದ್ದಾಗ ಮುಚ್ಚಳ ಸಡಿಲ. ಸಡಿಲವಿದ್ದಾಗ ಅನಿಲ ಸೋರಿ ಒತ್ತಡ ಏರುವುದೇ ಇಲ್ಲ. ಬಹಳ ಜನ 30 ಪಿಎಸ್‌ಐಯಲ್ಲಿ ಪರೀಕ್ಷಿಸಿ ಸೋರುತ್ತಿಲ್ಲವೆಂದು ನೆಮ್ಮದಿಯಿಂದ 8ಕ್ಕೆ ಇಳಿಸುತ್ತಾರೆ, ಆಗ ಸೋರತೊಡಗುತ್ತದೆ. ಆದ್ದರಿಂದ ಹೆಚ್ಚಿನ ಒತ್ತಡದಲ್ಲಿ ಒಮ್ಮೆ, ನಿತ್ಯದ ಒತ್ತಡದಲ್ಲಿ ಒಮ್ಮೆ, ಎರಡು ಸಲ ಸಾಬೂನು ಹಚ್ಚಬೇಕು. ತುಂಬುವಾಗ ಹಿಡಿಕೆಯನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿದು 30 ಪಿಎಸ್‌ಐಯ ಒಂದು ರಭಸದ ಹೊಡೆತ ಕೊಟ್ಟರೆ ರಬ್ಬರು ತನ್ನ ಜಾಗಕ್ಕೆ ಕೂರುತ್ತದೆ. ಹಳೆಯ ಕೆಗ್ಗಿನ ಬಾಯಿ ತುಸು ಸೊಟ್ಟಗಾಗಿದ್ದರೆ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸುವುದು, ದಪ್ಪನೆಯ ಮೆತ್ತನೆಯ ಓ-ರಿಂಗು ಹಾಕುವುದು, ಹಿಡಿಕೆಯ ಕಾಲುಗಳ ಕೆಳಗೆ ತೆಳುವಾದ ತಗಡು ಇಟ್ಟು ಬಿಗಿ ಹೆಚ್ಚಿಸುವುದು, ಈ ಮೂರೂ ಅನುಭವಸ್ಥರ ಉಪಾಯಗಳು. ಮುಚ್ಚಳದ ನಡುವಿನ ಸುರಕ್ಷಾ ವಾಲ್ವ್‌ನ ಉಂಗುರವನ್ನು ಎರಡು ಸಲ ಎಳೆದು ಬಿಟ್ಟರೆ ಅಲ್ಲಿ ಸಿಕ್ಕಿದ್ದ ಕಸ ಹಾರಿಹೋಗುವುದೂ ಉಂಟು.

ಸೋರಿಕೆ ಯಾವಾಗಲೂ ಹೊರಗೇ ಆಗಬೇಕೆಂದಿಲ್ಲ. ಬಿಯರಿನ ಮೂತಿಯ ಕೆಳಗೆ ಉದ್ದನೆಯ ಒಳಕೊಳವೆ ಕೆಗ್ಗಿನ ತಳದವರೆಗೆ ಇಳಿದಿರುತ್ತದೆ. ಅದರ ಕತ್ತಿನ ಓ-ರಿಂಗು ಸವೆದರೆ ಮೇಲ್ಭಾಗದ ಅನಿಲ ನೇರವಾಗಿ ಬಿಯರಿನ ದಾರಿಗೆ ನುಗ್ಗುತ್ತದೆ. ಒಂದು ಗುಳ್ಳೆಯೂ ಹೊರಗೆ ಕಾಣದಿರಬಹುದು, ಆದರೆ ಲೋಟಕ್ಕೆ ಬರುವುದೆಲ್ಲ ನೊರೆ. ಒತ್ತಡ ಹೆಚ್ಚಾಯಿತು, ಪೈಪು ಚಿಕ್ಕದಾಯಿತು ಎಂದು ತಿಂಗಳುಗಟ್ಟಲೆ ಅದನ್ನು ಇದನ್ನು ಬದಲಿಸುವ ಮೊದಲು ಪಾರದರ್ಶಕ ಪೈಪಿನಲ್ಲಿ ಮೂತಿಯ ಹತ್ತಿರದಿಂದಲೇ ಗುಳ್ಳೆಗಳ ಸಾಲು ಬರುತ್ತಿದೆಯೇ ಎಂದು ನೋಡಬೇಕು. ಬರುತ್ತಿದ್ದರೆ ತಪ್ಪಿತಸ್ಥ ಆ ಪುಟ್ಟ ಬಳೆ.

ಕೋಣೆಯಲ್ಲಿ ಗಟ್ಟಿಯಾಗಿದ್ದು ಫ್ರಿಜ್ಜಿನೊಳಗೆ ಹೋದ ಮೇಲೆ ಸೋರುವ ಕೆಗ್ಗುಗಳೂ ಇವೆ. ತಣ್ಣಗಾದ ರಬ್ಬರು ಗಡುಸಾಗುತ್ತದೆ, ಅದುಮಿದಾಗ ಮತ್ತೆ ಚಿಮ್ಮಿಬರುವ ಗುಣ ನಿಧಾನವಾಗುತ್ತದೆ. 1986ರ ಜನವರಿಯ ಚಳಿಯ ಬೆಳಗ್ಗೆ ಚಾಲೆಂಜರ್ ಗಗನನೌಕೆಯ ರಾಕೆಟ್ಟಿನ ಓ-ರಿಂಗು ವಿಫಲವಾದದ್ದು ಈ ಗುಣದಿಂದಲೇ. ವಿಚಾರಣೆಯ ವೇಳೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ತುಂಡು ರಬ್ಬರನ್ನು ಮಂಜಿನ ನೀರಿನ ಲೋಟದಲ್ಲಿ ಅದ್ದಿ ತೋರಿಸಿದ್ದು ಅದನ್ನೇ. ಕೆಗ್ಗಿನ ರಬ್ಬರಿಗೆ ಅಂಥ ಪರೀಕ್ಷೆ ಬರುವುದಿಲ್ಲ. ಹೊಸ ಬಳೆಗೆ 3–4 ಡಿಗ್ರಿಯ ತಂಪು ಏನೂ ಅಲ್ಲ. ಆದರೆ ಹತ್ತು ವರ್ಷ ಹಳೆಯ, ಚಪ್ಪಟೆಯಾದ ಬಳೆಗೆ ಅಷ್ಟೇ ಸಾಕು. ಹಾಗಾಗಿ ರಿಪೇರಿಯ ಕೊನೆಯ ಪರೀಕ್ಷೆ ತಣ್ಣಗಾದ ಮೇಲೆಯೇ ನಡೆಯಬೇಕು, ಸಂದುಗಳ ಮೇಲೆ ಕಟ್ಟಿದ ನೀರಿನ ಹನಿಗಳನ್ನು ಒರೆಸಿಕೊಂಡು.

ಸೋರಿಕೆಯನ್ನು ಹುಡುಕುವ ಬದಲು ಪ್ರತಿ ರಾತ್ರಿ ಸಿಲಿಂಡರ್ ಮುಚ್ಚಿಡುವ ಅಭ್ಯಾಸ ಕೆಲವರಿಗಿದೆ. ಸಿಲಿಂಡರಿನ ಅನಿಲ ಉಳಿಯುತ್ತದೆ, ನಿಜ. ಆದರೆ ಸೋರುವುದು ಮುಚ್ಚಳದಲ್ಲಾದರೆ ಕೆಗ್ಗಿನ ಒತ್ತಡ ಇಳಿದು, ಬಿಯರಿನಲ್ಲಿ ಕರಗಿದ್ದ ಅನಿಲವೇ ಹೊರಬಂದು, ಕೊನೆಗೆ ಬಿಯರು ಸಪ್ಪೆಯಾಗುತ್ತದೆ. ಇದಕ್ಕೆ ವಿರುದ್ಧವಾದ ಕಾಯಿಲೆಯೂ ಒಂದಿದೆ: ಏನೂ ಮಾಡದೆ ಕೆಳಒತ್ತಡದ ಮುಳ್ಳು 12ರಿಂದ 15, 20ಕ್ಕೆ ತೆವಳುವುದು. ಇದು ರೆಗ್ಯುಲೇಟರಿನ ಒಳಗಿನ ಸೋರಿಕೆ. ಹೆಚ್ಚಿನ ಒತ್ತಡದ ಕೋಣೆಯನ್ನು ಮುಚ್ಚುವ ಪೀಠದಲ್ಲಿ ಕಸವೋ ಗೀರೋ ಇದ್ದು ಅನಿಲ ನುಸುಳುತ್ತಿರುತ್ತದೆ. ಇದನ್ನು ಸಾಬೂನು ತೋರಿಸುವುದಿಲ್ಲ. ರಿಪೇರಿ ಕಿಟ್ ಹಾಕಬೇಕು ಅಥವಾ ರೆಗ್ಯುಲೇಟರನ್ನೇ ಬದಲಿಸಬೇಕು.

ಎಲ್ಲ ಮುಗಿದ ಮೇಲೆ ಸಿಲಿಂಡರನ್ನು ರೆಗ್ಯುಲೇಟರಿನಿಂದ ಬಿಡಿಸಿ ತೂಗಿ, ತೂಕ ಮತ್ತು ದಿನಾಂಕವನ್ನು ಒಂದು ಪಟ್ಟಿಯಲ್ಲಿ ಬರೆದು ಅದರ ಮೈಗೇ ಅಂಟಿಸಬೇಕು. ಮತ್ತೆ ಜೋಡಿಸಿ, ಬಿಯರ್ ಸುರಿಯದೆ ವಾರ ಕಳೆದು ಇನ್ನೊಮ್ಮೆ ತೂಗಿದಾಗ ಒಂದೆರಡು ಗ್ರಾಂ ವ್ಯತ್ಯಾಸ ಕಂಡರೆ ಅದು ಸಂದುಗಳ ಸೋರಿಕೆ ಆಗಿರಬೇಕೆಂದಿಲ್ಲ. ಕಾರ್ಬನ್ ಡೈಆಕ್ಸೈಡಿನ ಅಣುಗಳು ಪ್ಲಾಸ್ಟಿಕ್ಕಿನಲ್ಲಿ, ರಬ್ಬರಿನಲ್ಲಿ ಕರಗಿ ಇನ್ನೊಂದು ಪಕ್ಕಕ್ಕೆ ದಾಟಿಹೋಗುತ್ತವೆ. ಸಿಲಿಕೋನ್ ಬಹಳ ಬಿಡುತ್ತದೆ, ನೈಟ್ರೈಲ್ ರಬ್ಬರು ಅದಕ್ಕಿಂತ ಎಷ್ಟೋ ಕಡಿಮೆ. ಮೆತ್ತನೆಯ ಸಿಲಿಕೋನ್ ಬಳೆ ಸೊಟ್ಟ ಬಾಯಿಯ ಕೆಗ್ಗಿಗೆ ಚೆನ್ನಾಗಿ ಕೂರುವುದರ ಜೊತೆಗೆ ಈ ನಷ್ಟವನ್ನೂ ತರುತ್ತದೆ. ಇದೇ ದಾರಿಯಲ್ಲಿ ಎದುರುಗಡೆಯಿಂದ ಆಕ್ಸಿಜನ್ ಒಳಗೆ ಬರುತ್ತದೆ. ಒಳಗಿನ ಒತ್ತಡ ಹೆಚ್ಚಿದ್ದರೂ ಬರುತ್ತದೆ, ಏಕೆಂದರೆ ಪ್ರತಿಯೊಂದು ಅನಿಲವೂ ನೋಡುವುದು ತನ್ನ ಪಾಲಿನ ಒತ್ತಡವನ್ನು ಮಾತ್ರ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21 ಇದೆ, ಕೆಗ್ಗಿನೊಳಗೆ ಇಲ್ಲವೆಂಬಷ್ಟು ಕಡಿಮೆ. ಹೀಗೆ ದಾಟಿ ಬಂದ ಆಕ್ಸಿಜನ್ ತಿಂಗಳುಗಳ ಬಳಿಕ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಹಿಡಿಸುತ್ತದೆ. ಅದನ್ನು ಕಡಿಮೆ ಮಾಡಲು ಸ್ಪ್ಯಾನರ್ ಕೆಲಸಕ್ಕೆ ಬಾರದು. ಅನಿಲವನ್ನು ತಡೆಯುವ ಪದರವಿರುವ ಪೈಪು ಬಳಸಬೇಕು, ಪೈಪಿನ ಉದ್ದವನ್ನು ಬೇಕಾದಷ್ಟಕ್ಕೆ ಇಳಿಸಬೇಕು.